ಅಡೆ

ಉಪ್ಪಳದ ರೈಲ್ವೆ ಗೇಟಿನ ಪಕ್ಕ ನನ್ನ ಹೊಲಿಗೆ ಅಂಗಡಿ.
ಸೆವೆನ್ಸ್ ಸೀಸನ್ನಿನಲ್ಲಿ ಬೇರೆ ಬಟ್ಟೆ ಮುಟ್ಟುವುದಿಲ್ಲ,
ಬರೀ ಜೆರ್ಸಿ. ಬೆನ್ನಿಗೊಂದು ನಂಬರು,
ನಂಬರಿನ ತಲೆಯ ಮೇಲೊಂದು ಹೆಸರು.

ಮೂರನೇ ನಂಬರಿನವನು ಬಾಗಿಲಿಗೆ ಬಗ್ಗಿ ಒಳಗೆ ಬಂದ.
ನೈಜೀರಿಯಾದವನು. ಕ್ಲಬ್ಬಿನ ಮೊಯ್ದು ಕರೆತಂದದ್ದು,
ಮ್ಯಾಚಿಗೆ ಎರಡೂವರೆ ಸಾವಿರ, ಊಟ ಬೇರೆ.
ಹೆಸರು?
ಅಡೆಗೋಕೆ.
ಅಷ್ಟುದ್ದ ಬೇಡ, ಅಡೆ ಸಾಕು ಅಂದ ಮೊಯ್ದು.
ನನಗೆ ನಗು ಬಂತು:
ಅಡೆ ಅಂದರೆ ನಮ್ಮಲ್ಲಿ ಅಡ್ಡಿ ಮಾರಾಯ,
ಡಿಫೆಂಡರಿಗೆ ಇದಕ್ಕಿಂತ ಒಳ್ಳೆ ಹೆಸರುಂಟಾ?

ಅವನು ನಗಲಿಲ್ಲ. ಸ್ಟೂಲು ಎಳೆದು ಕೂತ.
ನಾಲ್ಕು ಸೀಸನ್ನಿನ ಹರಕು ಮಲಯಾಳದಲ್ಲಿ ಹೇಳಿದ:
ನಮ್ಮಲ್ಲಿ ಅಡೆ ಅಂದರೆ ಕಿರೀಟ.
ಕಿರೀಟ ಗುಡ್ಡ ಹತ್ತಿತು, ಅದು ನನ್ನ ಪೂರ್ತಿ ಹೆಸರು.

ಅವನ ಊರಿಗೆ ಅರಸನಿದ್ದಾನಂತೆ, ಈಗಲೂ.
ಕಿರೀಟದ ಅಂಚಿನಿಂದ ಮಣಿಸಾಲು ಇಳಿದು ಮುಖ ಮುಚ್ಚುತ್ತದೆ.
ಅದರ ಒಳಗೆ ಏನಿದೆಯೆಂದು
ಹೊತ್ತವನೂ ಇಣುಕಬಾರದು.
ಇಣುಕಿದರೆ, ಅಂದೆ.
ಕಣ್ಣು, ಅಂದ.
ಅರಸುಮನೆಗಳು ನಾಲ್ಕು, ಸರದಿಯಲ್ಲಿ ಪಟ್ಟ.
ಇವನ ಮನೆಯ ಸರದಿ ಅಜ್ಜನವರೆಗೆ ಬಂದು ತಪ್ಪಿತು:
ಪಟ್ಟ ಕಟ್ಟುವ ಹಿರಿಯರ ಮುಂದೆ ಅಜ್ಜ ಕೆಮ್ಮಿದನಂತೆ.
ಊರ ಹೆಸರು ಮೂರು ಸಲ ಹೇಳಿಸಿಕೊಂಡೆ.
ಮೂರು ಸಲವೂ ನನ್ನ ನಾಲಗೆ ಏರಬೇಕಾದಲ್ಲಿ ಇಳಿಯಿತು.
ನೀನು ಹೇಳಿದ್ದು ಊರಲ್ಲ, ಒಂದು ಜಾತಿ ಸೊಪ್ಪು ಅಂದ.

ಫೈನಲಿಗೆ ಅತಿಥಿ ಪೊಯ್ಯೆಲು ಬೀಡಿನ ದೂಮಣ್ಣ ಬಲ್ಲಾಳರು.
ಬಸ್ಸಿನ ಚೆಕ್ಕಿಂಗ್ ಇನ್ಸ್‌ಪೆಕ್ಟರಾಗಿ ರಿಟೈರಾದವರು,
ಟಿಕೇಟು ತೆಗೆಯದವನ ಹೆಗಲಿಗೂ
ಮೆಲ್ಲಗೆ ಕೈಯಿಡುತ್ತಿದ್ದವರು.
ಬೀಡಿನಲ್ಲಿ ಉಳಿದದ್ದು ಒಂದು ಪಟ್ಟದ ಕತ್ತಿ,
ಮತ್ತೆ ವರ್ಷಕ್ಕೆ ಇಪ್ಪತ್ತೆಂಟು ರೂಪಾಯಿ ಚಿಲ್ಲರೆ ಮಾಲಿಖಾನೆ.
ಮೈಕಿನವನಿಗೆ ಇದೆಲ್ಲ ಯಾಕೆ?
ನಮ್ಮ ಸೀಮೆಯ ಅರಸರು ಅಂದ, ಕನ್ನಡದಲ್ಲಿ, ಮಲಯಾಳದಲ್ಲಿ, ತುಳುವಿನಲ್ಲಿ,
ಕಡೆಗೆ ಹೊರಗಿನ ಆಟಗಾರರಿಗೆಂದು, ಕಿಂಗ್.

ಸಾಲಾಗಿ ನಿಂತವರ ಕೈ ಕುಲುಕುತ್ತ ಬಲ್ಲಾಳರು ಬಂದರು.
ಮೂರನೇ ನಂಬರಿನ ಮುಂದೆ ಕೈ ಚಾಚಿದರು.
ಕೈಯ ಎದುರು ಯಾರೂ ಇರಲಿಲ್ಲ.
ಅವನು ಮರಳಿನ ಮೇಲೆ, ಹೊಟ್ಟೆಯಡಿಯಾಗಿ, ಉದ್ದಕ್ಕೆ,
ಫ್ಲಡ್‌ಲೈಟಿನಲ್ಲಿ ನಾನು ಹೊಲಿದ ಎರಡಕ್ಷರ ಆಕಾಶಕ್ಕೆ.

ಗ್ಯಾಲರಿ ನಕ್ಕಿತು. ಯಾರೋ ಪೀಪಿ ಊದಿದರು.
ಆಮೇಲೆ ಆ ಪೀಪಿಗೇ ನಾಚಿಕೆಯಾದಂತೆ ನಿಂತಿತು.
ಬಲ್ಲಾಳರು ಚಪ್ಪಲಿ ಬಿಟ್ಟರು.
ಯಾಕೆಂದು ಅವರಿಗೂ ತಿಳಿದಿರಲಿಕ್ಕಿಲ್ಲ.
ಬಗ್ಗಿ, ಹೆಗಲಿಗೆ ಕೈಯಿಟ್ಟು,
ಲಕ್ಕ್ ಮಗಾ, ಅಂದರು.
ಭಾಷೆ ಗೊತ್ತಿಲ್ಲದವನು ಎದ್ದ.

ಪೆನಾಲ್ಟಿಯಲ್ಲಿ ಸೋತೆವು. ಅವನು ಹೊಡೆದದ್ದು ಕಂಬಕ್ಕೆ.

ಮರುದಿನ ಹರಿದ ತೋಳು ಹೊಲಿಸಲು ಬಂದ.
ಎದೆಯ ಮರಳು ಕೊಡವಿರಲಿಲ್ಲ.
ಅವರ ಮಕ್ಕಳು ಯಾರು, ಬೇರೆ ಮನೆಗಳೆಷ್ಟು, ಎಲ್ಲ ಕೇಳಿದ.
ಅರಸ ಸತ್ತ ಅಂತ ನಮ್ಮಲ್ಲಿ ಅನ್ನುವುದಿಲ್ಲ,
ಅಟ್ಟ ಹತ್ತಿದ ಅನ್ನುತ್ತೇವೆ ಅಂದ.
ನಮ್ಮಲ್ಲಿ ಮಾಯಕ್ಕೆ ಸಂದರು ಅನ್ನುತ್ತಾರೆ ಅಂದೆ.
ಅಷ್ಟರಲ್ಲಿ ಗೂಡ್ಸು ಗಾಡಿ ಬಂತು,
ಅದು ದಾಟಿ ಮುಗಿಯುವ ತನಕ ಇಬ್ಬರೂ ಸುಮ್ಮನಿದ್ದೆವು.

ಜೂನಿನಲ್ಲಿ ಪೇಪರಿನ ಮೂರನೇ ಪುಟ, ಚಿನ್ನದ ರೇಟಿನ ಕೆಳಗೆ
ಬಲ್ಲಾಳರ ಫೋಟೋ.
ಫೋನು ತೆಗೆದು ಅವನಿಗೆ ಹೇಳಿ ಕಳಿಸಿದೆ:
ಅಟ್ಟ ಹತ್ತಿದರು.
ಕಳಿಸಿದ ಮೇಲೆ ನೆನಪಾಯಿತು, ಬೀಡಿನ ಅಟ್ಟ
ಮರದ ವ್ಯಾಪಾರಿಗೆ ಹೋಗಿ ಹದಿನಾರು ವರ್ಷ.
ಈಗ ಮೇಲೆ ಶೀಟು.

ರಾತ್ರಿ ಅವನ ದನಿ ಬಂತು, ಹನ್ನೊಂದು ಸೆಕೆಂಡು.
ಮೊದಲು ಅವನ ಭಾಷೆಯಲ್ಲಿ ಏನೋ ಏರಿತು, ಇಳಿಯಿತು.
ಆಮೇಲೆ ಮಲಯಾಳದಲ್ಲಿ:
ಸರದಿ ಯಾವ ಮನೆಯದು?

ಏನು ಹೇಳಲಿ.
ನಿನ್ನೆ ಅವರ ಮಗಳು ಅಂಗಡಿಗೆ ಬಂದಿದ್ದರು.
ಕತ್ತಿಗೊಂದು ಗವಸು ಬೇಕಂತೆ,
ಅಳತೆ ತಂದಿದ್ದರು, ದಾರದಲ್ಲಿ, ಎರಡು ಗಂಟು ಹಾಕಿ.
ಪಟ್ಟೆ ಇಲ್ಲ, ವೆಲ್ವೆಟ್ಟು ಇಲ್ಲ,
ಜೆರ್ಸಿಯ ನೀಲಿ ನೈಲಾನು ಉಳಿದದ್ದುಂಟು ಅಂದೆ.

ಮುಟ್ಟಿ ನೋಡಿ, ಸಾಕು ಅಂದರು.